ಸಿಸ್ಟರಕ್ಕನೂ ಅವಳ ಭಾನುವಾರವೂ

"ಅಮ್ಮಾ, ಮೇಲ್ಮನೆ ದೊಡ್ಡಮ್ಮಂಗೆ ಭಾನುವಾರ ಕಂಡ್ರೆ ಯಾಕೆ ಅಷ್ಟು ಕೋಪ? ಭಾನುವಾರ ಏನು ಮಾಡಿದೆ ಅವರಿಗೆ?"

ಕೆಳಮನೆಯ ಪುಟ್ಟಿ ಹೀಗೆ ಕೇಳಿದಾಗ ಅವಳ ಅಮ್ಮ ಮಗಳ ಶಾಲೆಯ ಷೂ ಒರೆಸುತ್ತ ಬಾಗಿಲಲ್ಲಿ ಕೂತಿದ್ದಳು. ಮೇಲ್ಮನೆಯ ಸಿಸ್ಟರಕ್ಕ ಆಗಷ್ಟೇ ಡ್ಯೂಟಿ ಮುಗಿಸಿ ಮೆಟ್ಟಿಲು ಹತ್ತಿ ಹೋಗಿದ್ದಳು. ಹತ್ತುವಾಗಲೇ ಅರ್ಧ ಬೈಗುಳ ಮುಗಿದಿತ್ತು, ಮಿಕ್ಕರ್ಧ ಮೇಲಿನ ಬಾಗಿಲು ದಡಾರನೆ ಮುಚ್ಚಿಕೊಂಡ ಮೇಲೂ ಕೇಳುತ್ತಿತ್ತು. "ಭಾನುವಾರ ಎಲ್ಲರೂ ರಜ ಹಾಕ್ತಾರೆ, ಕಾಯಿಲೆ ಒಂದು ಹಾಕಲ್ಲ, ಅದಕ್ಕೆ" ಎಂದಳು ಅಮ್ಮ. ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಕೋಪ ಬರಬಾರದು ಎಂಬುದು ಪುಟ್ಟಿಯ ತೀರ್ಪು. ವಿಷಯ ಸಣ್ಣದಲ್ಲ ಎನ್ನುವುದು ಆ ಕಟ್ಟಡದವರಿಗೆಲ್ಲ ಆಮೇಲೆ ಗೊತ್ತಾಯಿತು.

ಸಿಸ್ಟರಕ್ಕ ಸೇತುವೆಯಾಚೆಯ ದೊಡ್ಡಾಸ್ಪತ್ರೆಯ ಐಸಿಯುನಲ್ಲಿ ಇನ್‌ಚಾರ್ಜ್ ನರ್ಸ್. ಎತ್ತರದ ಆಳು, ಅಗಲವಾದ ಪಾದ, ಮೂಗಿನ ತುದಿಯಲ್ಲೇ ಕೋಪ. ಮದುವೆ ಮಾಡಿಕೊಂಡಿರಲಿಲ್ಲ. ಕೇಳಿದವರಿಗೆ, "ಆಸ್ಪತ್ರೆಯಲ್ಲಿ ಅಷ್ಟು ಜನ ಗಂಡಸರ ಗೊಣಗಾಟ ಕೇಳ್ತೀನಲ್ಲ, ಸಾಕು" ಎನ್ನುತ್ತಿದ್ದಳು. ತಾಯಿ ಬೇಗ ಹೋಗಿಬಿಟ್ಟದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಆ ತಮ್ಮ ಈಗ ನಾಲ್ಕು ಬೀದಿ ಆಚೆ ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಿಕೊಡುವ ಅಂಗಡಿ ಇಟ್ಟಿದ್ದ. ಸಣ್ಣ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಕೆಲಸ ಮಾಡುವವನಾದ್ದರಿಂದ ಅವನಿಗೆ ಮಾತು ಕಡಿಮೆ. ಅಕ್ಕ ಹೇಳಿದ್ದಕ್ಕೆ ಹೂಂ ಎನ್ನುವುದೇ ಅವನ ದೊಡ್ಡ ಸಂಭಾಷಣೆ.

ಭಾನುವಾರದ ಜಗಳ ಏನೆಂದರೆ, ಐಸಿಯುನಲ್ಲಿ ಬೆಡ್ಡುಗಳು ಬೆರಳೆಣಿಕೆಯಷ್ಟು. ಒಬ್ಬ ರೋಗಿ ಚೇತರಿಸಿಕೊಂಡರೆ ಅವನನ್ನು ವಾರ್ಡಿಗೆ ಕಳಿಸಬೇಕು, ಆಗ ಕೆಳಗೆ ಎಮರ್ಜೆನ್ಸಿಯಲ್ಲಿ ಏದುಸಿರು ಬಿಡುತ್ತಿರುವ ಇನ್ನೊಬ್ಬನಿಗೆ ಜಾಗ. ಕೇಳುವುದಕ್ಕೆ ಎಷ್ಟು ಸಲೀಸು. ಆದರೆ ವಾರ್ಡಿನ ದೊಡ್ಡ ಡಾಕ್ಟರು ನೋಡಿ ತಲೆಯಾಡಿಸದೆ ವಾರ್ಡಿನವರು ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ದೊಡ್ಡ ಡಾಕ್ಟರು ಭಾನುವಾರ ಬರುವುದಿಲ್ಲ. ಅವರಿಗೆ ಫೋನ್ ಮಾಡುವ ಧೈರ್ಯ ಚಿಕ್ಕ ಡಾಕ್ಟರುಗಳಿಗಿಲ್ಲ. ಹೀಗೆ ಹುಷಾರಾದವರು ಐಸಿಯು ಬೆಡ್ಡಿನಲ್ಲಿ ಕಾಲು ಚಾಚಿ ಕೂತು, ಚಹಾ ಆರಿಹೋಯಿತು, ಬಿಸ್ಕತ್ತು ಮೆತ್ತಗಾಗಿದೆ ಎಂದು ದೂರು ಹೇಳುತ್ತಾರೆ. ಹುಷಾರಿಲ್ಲದವರು ಕೆಳಗೆ ಟ್ರಾಲಿಯ ಮೇಲೆ ಕಾಯುತ್ತಾರೆ. ಸಿಸ್ಟರಕ್ಕ ಇಂಥವರಿಗೆ ಬಿಸ್ಕತ್ತು ಗಿರಾಕಿಗಳು ಎಂದು ಹೆಸರಿಟ್ಟಿದ್ದಳು. "ಒಲೆ ಮೇಲೆ ಹಾಲು ಉಕ್ತಾ ಇದೆ, ಪಾತ್ರೆ ಇಳಿಸೋದಕ್ಕೆ ಯಜಮಾನ್ರ ಅಪ್ಪಣೆ ಬೇಕು ಅಂತ ನಿಂತಿದಾರೆ ಕಣೇ ಇವರು" ಎಂದು ಪುಟ್ಟಿಯ ಅಮ್ಮನ ಎದುರು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಇದರ ಮೇಲೆ ಒಮ್ಮೆ ಆಸ್ಪತ್ರೆಯಲ್ಲಿ ನರ್ಸುಗಳಿಗೂ ಡಾಕ್ಟರುಗಳಿಗೂ ಒಂದು ಪಾಠ ನಡೆಯಿತು. ಹೊರಗಿನಿಂದ ಬಂದ ಪ್ರೊಫೆಸರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸಿ, ವಾರದ ದಿನಗಳಲ್ಲಿ ಐಸಿಯು ಸೇರಿದವರಿಗಿಂತ ರಜಾದಿನಗಳಲ್ಲಿ ಸೇರಿದವರಲ್ಲಿ ಸಾವು ಹೆಚ್ಚು ಎಂದು ಅನೇಕ ಕಡೆ ಕಂಡುಬಂದಿದೆ ಎಂದರು. ಸಿಸ್ಟರಕ್ಕನಿಗೆ ಕೋರ್ಟಿನಲ್ಲಿ ಕೇಸು ಗೆದ್ದಷ್ಟು ಸಂತೋಷವಾಯಿತು. ಇಷ್ಟು ವರ್ಷ ತಾನು ಬಾಯಿ ಬಡಿದುಕೊಂಡದ್ದನ್ನೇ ಸೂಟು ಹಾಕಿಕೊಂಡವರೊಬ್ಬರು ಹೇಳಿದ್ದರು. ಅಷ್ಟರಲ್ಲಿ ಮೇಲಿನ ಐಸಿಯುನಿಂದ ಕರೆ ಬಂತು, ಎದ್ದು ಹೋದಳು. ಪಾಠದ ಮೊದಲರ್ಧವನ್ನಷ್ಟೇ ಮನೆಗೆ ತಂದಳು.

ಆವತ್ತಿನಿಂದ ತಮ್ಮನ ಮನೆಯ ಊಟದ ಮೇಜಿನಲ್ಲೂ, ಕಟ್ಟಡದ ಮೆಟ್ಟಿಲಲ್ಲೂ ಅವಳದು ಒಂದೇ ಉಪದೇಶ. "ಕಾಯಿಲೆ ಬೀಳೋದಿದ್ರೆ ಮಂಗಳವಾರ ಬೆಳಿಗ್ಗೆ ಬೀಳಿ. ಎಲ್ಲರೂ ತಲೆ ಬಾಚ್ಕೊಂಡು ಬಂದಿರ್ತಾರೆ. ಭಾನುವಾರ ಮಾತ್ರ ನಮ್ಮಾಸ್ಪತ್ರೆ ಮೆಟ್ಟಿಲು ಹತ್ತಬೇಡಿ." ಕೇಳಿದವರು ನಕ್ಕರು. ತಮ್ಮ ನಗಲಿಲ್ಲ, ಹೂಂ ಎಂದ.

ಒಂದು ಶುಕ್ರವಾರ ಹಳೆಯ ಸೋಫಾವೊಂದನ್ನು ಬಿಚ್ಚುವಾಗ ತುಕ್ಕು ಹಿಡಿದ ಸ್ಪ್ರಿಂಗು ಪುಟಿದು ಅವನ ಹೆಬ್ಬೆರಳ ಬುಡವನ್ನು ಸೀಳಿತು. ತೊಳೆದು, ಕೈಗೆ ಸಿಕ್ಕ ಚಿಂದಿಬಟ್ಟೆ ಸುತ್ತಿಕೊಂಡು ಕೆಲಸ ಮುಗಿಸಿದ. ಶನಿವಾರ ಸಂಜೆಗೆ ಕೈ ಬನ್ನಿನ ಹಾಗೆ ಊದಿತ್ತು, ಮೈ ಕಾದಿತ್ತು, ಕೆಂಪು ಗೆರೆಯೊಂದು ಮಣಿಕಟ್ಟಿನಿಂದ ಮೇಲಕ್ಕೆ ಹತ್ತತೊಡಗಿತ್ತು. ಆಸ್ಪತ್ರೆಗೆ ಹೋಗೋಣ ಎಂದು ಹೆಂಡತಿ ಬೇಡಿಕೊಂಡಳು. ಅವನು ಕೇಳಲಿಲ್ಲ. ಈಗ ಹೋದರೆ ಅವರು ಮಲಗಿಸಿಕೊಳ್ಳುವ ಹೊತ್ತಿಗೆ ಭಾನುವಾರವೇ ಆಗುತ್ತದೆ, ಅಕ್ಕ ಏನು ಹೇಳಿದ್ದಾಳೆ ಮರೆತುಹೋಯಿತಾ, ಸೋಮವಾರ ಬೆಳಿಗ್ಗೆ ಹೋದರಾಯಿತು ಎಂದ. ಅಕ್ಕನಿಗೆ ಫೋನ್ ಮಾಡುತ್ತೇನೆ ಎಂದರೆ ಅದೂ ಬೇಡ, ಅವಳು ನಾಳೆ ಡ್ಯೂಟಿಯಲ್ಲಿರುತ್ತಾಳೆ, ಮೊದಲೇ ತಲೆ ಕೆಟ್ಟಿರುತ್ತದೆ ಎಂದ.

ಭಾನುವಾರ ಅವನು ಗಡಗಡ ನಡುಗಿದ. ಮಧ್ಯಾಹ್ನದ ಮೇಲೆ ಮೂತ್ರ ಬರಲಿಲ್ಲ. ಸಂಜೆ ಹೊದಿಕೆಯ ಅಂಚನ್ನು ಎಡಗೈಯಲ್ಲಿ ಮಡಚುತ್ತ, ಮೊಳೆ ಎಲ್ಲಿ, ಮೊಳೆ ಕೊಡು ಎಂದು ಹೆಂಡತಿಯನ್ನು ಕೇಳತೊಡಗಿದ. ಆದರೂ ಅವಳು ಕರೆದುಕೊಂಡು ಹೊರಡಲಿಲ್ಲ. ಆಸ್ಪತ್ರೆಯಲ್ಲೇ ಕೆಲಸ ಮಾಡುವ ಅಕ್ಕ ಬೇಡ ಎಂದಿರುವಾಗ ತಾನು ಯಾರು ಎಂದುಕೊಂಡಳು. ಭಾನುವಾರ ಒಳಗೆ ಹಾಕಿದರೆ ಸಾಯಿಸಿಬಿಡುತ್ತಾರೆ ಎಂಬ ಭಯ ಬೇರೆ.

ಆ ಭಾನುವಾರವೇ ಸಿಸ್ಟರಕ್ಕ ಒಂದು ದಿಗ್ವಿಜಯ ಸಾಧಿಸಿದ್ದಳು. ಐಸಿಯುನಲ್ಲಿ ಬಿಸ್ಕತ್ತು ಗಿರಾಕಿಯೊಬ್ಬರಿದ್ದರು, ನಿವೃತ್ತ ಬ್ಯಾಂಕ್ ಮ್ಯಾನೇಜರು. ವಾರ್ಡಿನವರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. ಫೋನಿನಲ್ಲಿ ಕಾದಾಡಿ ಕಾದಾಡಿ ಸುಸ್ತಾದವಳು ಕೊನೆಗೆ ಚಿಕ್ಕ ಡಾಕ್ಟರಿಂದ ಹೂಂ ಎನ್ನಿಸಿಕೊಂಡು, ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಬಿಸ್ಕತ್ತಿನ ಪೊಟ್ಟಣವನ್ನು ಮಡಿಲಿಗೆ ಹಾಕಿ, ತಾನೇ ತಳ್ಳಿಕೊಂಡು ವಾರ್ಡಿನ ನಡುಮಧ್ಯಕ್ಕೆ ಹೋಗಿ ನಿಲ್ಲಿಸಿದಳು. ಅವರಿಗೊಂದು ಹಾಸಿಗೆ ಕೊಡುವವರೆಗೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಿದ್ದಳು. ವಾಪಸು ಬಂದು ಖಾಲಿಯಾದ ಬೆಡ್ಡನ್ನು ಒರೆಸಿ, ಬಿಳಿ ಚಾದರವನ್ನು ಸುಕ್ಕಿಲ್ಲದಂತೆ ಎಳೆದು ಹಾಸಿದಳು. ಸಂಜೆಯವರೆಗೂ ಯಾರೂ ಬರಲಿಲ್ಲ. ಖಾಲಿ ಬೆಡ್ ನೋಡಿಯೇ ಅವಳಿಗೆ ಹೊಟ್ಟೆ ತುಂಬಿತ್ತು. ಮನೆಗೆ ಬಂದವಳು ಕೆಳಮನೆಯಲ್ಲೇ ಕೂತು, ಪುಟ್ಟಿಯ ಅಮ್ಮ ಕೊಟ್ಟ ಚಹಾ ಕುಡಿಯುತ್ತ, ವಾರ್ಡಿನವರ ಮುಖ ಹೇಗೆ ಇಂಗು ತಿಂದಂತಾಯಿತು ಎಂದು ಅಭಿನಯಿಸಿ ತೋರಿಸಿದಳು. ಅವಳು ಭಾನುವಾರ ನಕ್ಕದ್ದನ್ನು ಆ ಮನೆಯವರು ಕಂಡದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಎಮರ್ಜೆನ್ಸಿ ಎಂದರೆ ಬಸ್‌ಸ್ಟ್ಯಾಂಡು. ಶನಿವಾರ ಭಾನುವಾರ ನೋವು ನುಂಗಿಕೊಂಡು ಕಾದವರೆಲ್ಲ ಒಟ್ಟಿಗೆ ಬಂದು ಬೀಳುತ್ತಾರೆ. ದೊಡ್ಡ ಡಾಕ್ಟರು ಬಂದಿರುತ್ತಾರೆ, ನಿಜ. ಆದರೆ ಅವರ ಹಿಂದೆ ಸಾಲುಗಟ್ಟಿದ ಜನವೂ ಬಂದಿರುತ್ತದೆ. ಸಿಸ್ಟರಕ್ಕ ಹಾಸಿಟ್ಟ ಬೆಡ್ಡಿಗೆ ಬೆಳಿಗ್ಗೆಯೇ ಆಪರೇಷನ್ ಆದ ಒಬ್ಬ ಹೆಂಗಸು ಬಂದಿದ್ದಾಯಿತು. ಅಷ್ಟರಲ್ಲಿ ಕೆಳಗಿನಿಂದ ಫೋನು: ಗಾಯ ನಂಜಾಗಿ ರಕ್ತಕ್ಕೆ ಏರಿದೆ, ಬಿಪಿ ನಿಲ್ಲುತ್ತಿಲ್ಲ, ಬೆಡ್ ಬೇಕು. ಇಲ್ಲ ಎಂದು ಹೇಳುವ ಬದಲು, ತಾನೇ ನೋಡಿಕೊಂಡು ಬರುತ್ತೇನೆ ಎಂದು ಇಳಿದು ಹೋದಳು.

ಕಂಬದ ಪಕ್ಕ ನಿಂತಿದ್ದ ತಮ್ಮನ ಹೆಂಡತಿ ಮೊದಲು ಕಂಡಳು. ಇವಳು ಇಲ್ಲಿ ಯಾರನ್ನು ನೋಡಲು ಬಂದಳು ಎಂದುಕೊಳ್ಳುತ್ತಿರುವಾಗಲೇ ಅವಳ ಹಿಂದಿನ ಟ್ರಾಲಿ ಕಂಡಿತು. ಟ್ರಾಲಿಯ ಮೇಲೆ ಬೂದಿಬಣ್ಣಕ್ಕೆ ತಿರುಗಿದ್ದ ಒಂದು ಮುಖ.

"ಅಕ್ಕಾ, ನೀವು ಹೇಳಿದ ಹಾಗೇ ಮಾಡಿದೀನಿ. ಭಾನುವಾರ ಕರ್ಕೊಂಡು ಬರಲಿಲ್ಲ. ಸೋಮವಾರ ಆಗಲಿ ಅಂತ ಕಾದ್ವಿ" ಎಂದಳು ಅವಳು. ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟು ಧೈರ್ಯವೂ ಇತ್ತು, ಪರೀಕ್ಷೆಗೆ ಸರಿಯಾಗಿ ಓದಿಕೊಂಡು ಬಂದ ಮಗುವಿನ ಹಾಗೆ.

ಬೈಯುವುದರಲ್ಲಿ ಎತ್ತಿದ ಕೈಯಾದ ಸಿಸ್ಟರಕ್ಕನಿಗೆ ಆಗ ಬೈಯಲು ಯಾರೂ ಸಿಗಲಿಲ್ಲ.

ಚಿಕ್ಕ ಡಾಕ್ಟರು ಟ್ರಾಲಿಯ ಮೇಲೆಯೇ ಔಷಧಿ ಶುರು ಮಾಡಿದ್ದರು. ಬೆಡ್ ಸಿಗುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಿಡ್ನಿ ಕೈಕೊಟ್ಟಿತ್ತು, ಉಸಿರಿಗೆ ಯಂತ್ರ ಹಾಕಬೇಕಾಯಿತು, ಉಳಿಯುತ್ತಾನೋ ಇಲ್ಲವೋ ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನರ್ಸುಗಳು ಸ್ವಂತದವರನ್ನು ನೋಡಿಕೊಳ್ಳಬಾರದು ಎಂಬುದು ಆ ಐಸಿಯುನ ಕಟ್ಟುನಿಟ್ಟಾದ ನಿಯಮ. ಅದನ್ನು ಜಾರಿಗೆ ತಂದವಳು ಅವಳೇ. ಹೀಗಾಗಿ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾದಿನಿಯ ಪಕ್ಕ ಕೂತಳು. ಒಮ್ಮೆ ತಡೆಯಲಾರದೆ ಎದ್ದು ಒಳಗೆ ನುಗ್ಗಲು ಹೋದಳು. ಬಾಗಿಲು ಕಾಯುವವನು ಅಡ್ಡ ನಿಂತ. "ರೋಗಿ ಕಡೆಯವರನ್ನ ಹೊತ್ತಲ್ಲದ ಹೊತ್ತಲ್ಲಿ ಬಿಟ್ಟರೆ ನನ್ನ ಕೆಲಸ ಕಿತ್ತುಹಾಕಿಸ್ತೀನಿ ಅಂತ ನೀವೇ ಅಂದಿದ್ರಿ ಸಿಸ್ಟರ್" ಎಂದ, ಪಾಪ, ಕಾಲ ಬೆರಳು ನೋಡುತ್ತ. ಕೂತುಕೊಂಡಳು.

ಪುಟ್ಟಿಯ ಅಮ್ಮ ಬ್ರೆಡ್ಡು, ಫ್ಲಾಸ್ಕಿನಲ್ಲಿ ಚಹಾ, ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ, ಫೋನಿನ ಚಾರ್ಜರು ಎಲ್ಲ ಕಟ್ಟಿಕೊಂಡು ಬಂದಳು. ಅಳುತ್ತಾರೆ, ಸಮಾಧಾನ ಮಾಡಬೇಕು ಎಂದುಕೊಂಡೇ ಬಂದಿದ್ದಳು. ಸಿಸ್ಟರಕ್ಕ ಅಳುತ್ತಿರಲಿಲ್ಲ. ಬ್ರೆಡ್ಡಿನ ಅಂಚನ್ನು ಪುಡಿಪುಡಿ ಮಾಡುತ್ತ, ನಾದಿನಿ ಕೈ ತೊಳೆಯಲು ಹೋದ ಸಮಯ ನೋಡಿ, "ನಿನ್ನೆ ಆ ಬೆಡ್ ಖಾಲಿ ಇತ್ತು ಕಣೇ. ನಾನೇ ಹಾಸಿದ್ದು" ಎಂದಳು. ಪುಟ್ಟಿಯ ಅಮ್ಮ ಲೋಟಕ್ಕೆ ಚಹಾ ಬಗ್ಗಿಸಿ ಕೈಗೆ ಕೊಟ್ಟಳು.

ಪಾಠದ ಉಳಿದರ್ಧ ಸಿಕ್ಕಿದ್ದು ಮಾರನೆಯ ದಿನ, ಚಿಕ್ಕ ಡಾಕ್ಟರ ಬಾಯಿಂದ. ಅವರೂ ಆವತ್ತು ಆ ಪಾಠಕ್ಕೆ ಬಂದಿದ್ದರು. ಈ ಆಸ್ಪತ್ರೆಯ ಭಾನುವಾರವೇ ಇಷ್ಟು, ಇದಕ್ಕೆ ಹೆದರಿಯೇ ಜನ ಸಾಯುತ್ತಾರೆ ಎಂದು ಸಿಸ್ಟರಕ್ಕ ಸಿಡುಕಿದಾಗ ಅವರು ಪಕ್ಕದ ಕುರ್ಚಿಯಲ್ಲಿ ಕೂತರು.

"ಆ ಪ್ರೊಫೆಸರ್ ಇನ್ನೊಂದು ಮಾತೂ ಹೇಳಿದ್ರು ಸಿಸ್ಟರ್. ನೀವು ಎದ್ದು ಹೋಗಿದ್ರಿ. ಕಾಯೋಕೆ ಆಗೋರು ಭಾನುವಾರ ಬರೋದೇ ಇಲ್ಲ. ಬರೋರು ಕಾಯೋಕೆ ಆಗದೇ ಇರೋರು, ಜಾಸ್ತಿ ಹುಷಾರಿಲ್ಲದವರು. ಅವರಲ್ಲಿ ಸಾವು ಹೆಚ್ಚು ಅಂದ್ರೆ ಎಲ್ಲಾ ತಪ್ಪನ್ನೂ ಭಾನುವಾರದ ತಲೆಗೆ ಕಟ್ಟೋಕಾಗಲ್ಲ. ಯಾವ ವಾರ ಬಂದ್ರು ಅನ್ನೋದಕ್ಕಿಂತ ಎಷ್ಟು ತಡ ಮಾಡಿ ಬಂದ್ರು ಅನ್ನೋದೇ ಕೆಡಿಸೋದು."

"ಅದನ್ನ ಮೊದಲು ಹೇಳಬಾರದಿತ್ತಾ ಆ ಮಹಾನುಭಾವ" ಎಂದಳು ಸಿಸ್ಟರಕ್ಕ. ಸಿಡುಕಿದಳೇ ಹೊರತು ಆ ಮಾತು ಒಳಗೆಲ್ಲೋ ಹೋಗಿ ಕೂತಿತು.

ವಾರ ಹೋಗುವಷ್ಟರಲ್ಲಿ ತಮ್ಮ ಗಂಡಾಂತರದಿಂದ ಈಚೆ ಬಂದ. ಹೆಬ್ಬೆರಳು ಉಳಿಯಲಿಲ್ಲ, ಕೈ ಉಳಿಸಲು ಅದನ್ನು ತೆಗೆಯಬೇಕಾಯಿತು. ಗಂಟಲಿನ ಕೊಳವೆ ತೆಗೆದ ಮೇಲೆ ಅವನಾಡಿದ ಮೊದಲ ಮಾತು ಕೇಳಲು ಅಕ್ಕ ಬಗ್ಗಿ ನಿಂತಳು. "ಅಕ್ಕಾ, ಸೋಮವಾರವೇ ಬಂದ್ನಲ್ಲ" ಎಂದ ಕೀರಲು ದನಿಯಲ್ಲಿ. ಅವನ ಕೆನ್ನೆಗೆ ಒಂದು ಬಾರಿಸಿಬಿಡಬೇಕು ಎನ್ನಿಸಿತು, ಅದೇ ಕೈಯಲ್ಲಿ ಹಣೆ ಸವರಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡದೆ, ಸರಿಯಾಗಿಯೇ ಇಳಿಯುತ್ತಿದ್ದ ಡ್ರಿಪ್ಪನ್ನು ಸರಿಪಡಿಸುತ್ತ ನಿಂತಳು.

ಅದರ ಮುಂದಿನ ಭಾನುವಾರ ಬಂತು. ತಮ್ಮ ದಿಂಬಿಗೆ ಒರಗಿ ಕೂತು, ಚಹಾದಲ್ಲಿ ಅದ್ದಿಕೊಳ್ಳಲು ಏನಾದರೂ ಇದೆಯಾ ಎಂದು ಕೇಳುತ್ತಿದ್ದ. ಕೆಳಗಿನಿಂದ ಫೋನು ಬಂತು, ಯಾರೋ ಹುಡುಗಿ, ಉಸಿರು ಸಿಗುತ್ತಿಲ್ಲ. ಐಸಿಯುನಲ್ಲಿ ಅಲುಗಿಸಬಹುದಾದವನು ಅವನೊಬ್ಬನೇ, ಚಿಕ್ಕ ಡಾಕ್ಟರೂ ಅದನ್ನೇ ಹೇಳಿದರು. ವಾರ್ಡಿನವರ ಉತ್ತರ ಎಂದಿನದೇ: ನಾಳೆ ನೋಡೋಣ. ನಾದಿನಿ ಕೈ ಹಿಡಿದುಕೊಂಡಳು, ಇನ್ನೊಂದು ದಿನ ಇಲ್ಲೇ ಇರಲಿ ಅಕ್ಕಾ, ನೀವು ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ ಎಂದು ಗೋಗರೆದಳು. ಸಿಸ್ಟರಕ್ಕ ಹಲ್ಲು ಕಚ್ಚಿಕೊಂಡು ಗಾಲಿಕುರ್ಚಿ ತಂದಳು. ಸ್ವಂತ ತಮ್ಮನನ್ನು ತಳ್ಳಿಕೊಂಡು ಹೋಗಿ ವಾರ್ಡಿನ ನಡುವೆ ನಿಲ್ಲಿಸಿದಳು. ಆ ದಿನವೆಲ್ಲ ನೆಪ ಹುಡುಕಿಕೊಂಡು ವಾರ್ಡಿಗೆ ಹೋಗಿ ಹೋಗಿ ಅವನ ಉಸಿರು ನೋಡಿ ಬಂದಳು. ನಾದಿನಿ ಮಾತ್ರ ಎರಡು ದಿನ ಅವಳೊಂದಿಗೆ ಮಾತು ಬಿಟ್ಟಳು.

ತಮ್ಮ ಮನೆಗೆ ಬಂದದ್ದು ಒಂದು ಗುರುವಾರ. ಕಿಡ್ನಿ ಇನ್ನೂ ಪೂರ್ತಿ ಸುಧಾರಿಸಿಲ್ಲ, ಜ್ವರ ಬಂದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಒಂದು ಗಳಿಗೆಯೂ ತಡಮಾಡದೆ ಕರೆತನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸಿಸ್ಟರಕ್ಕ ಅದನ್ನೇ ತಾನೂ ಹೇಳಿ, ಮತ್ತೆ ಹೇಳಿ, ಕೊನೆಗೆ ಕೂಗಿ ಹೇಳಿದಳು. ಗಂಡ ಹೆಂಡತಿ ಇಬ್ಬರೂ ಹೂಂ ಎಂದರು. ಆ ಹೂಂ ಕೇಳಿಯೇ ಅವಳಿಗೆ ಮೈ ಉರಿಯಿತು.

ಶನಿವಾರ ಸಂಜೆ ಅವಳು ತಮ್ಮನ ಮನೆಯಿಂದ ನೇರವಾಗಿ ಕೆಳಮನೆಗೆ ಬಂದಳು. ಪುಟ್ಟಿಯ ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಸಿಸ್ಟರಕ್ಕ ಎದುರಿಗೆ ಕೂತು ತಾನೂ ಮಡಚತೊಡಗಿದಳು. ಪುಟ್ಟಿಯ ಫ್ರಾಕನ್ನೂ ಆಸ್ಪತ್ರೆಯ ಚಾದರದ ಹಾಗೆ ನಾಲ್ಕು ಮೂಲೆ ಹೊಂದಿಸಿ ಮಡಚಿದಳು. ತಮ್ಮನಿಗೆ ಮಧ್ಯಾಹ್ನ ಸ್ವಲ್ಪ ಚಳಿಯಾಯಿತಂತೆ, ಈಗ ಇಲ್ಲವಂತೆ. ಥರ್ಮಾಮೀಟರು ಇಟ್ಟು ನೋಡಿದರೆ ಜ್ವರವಿಲ್ಲ, ಉಸಿರು ಸರಿಯಿದೆ. ಆದರೆ ಯಾಕೆ ಆಗಲೇ ಫೋನ್ ಮಾಡಲಿಲ್ಲ ಎಂದು ಕೇಳಿದ್ದಕ್ಕೆ ನಾದಿನಿ, ನಿಮಗೆ ತೊಂದರೆ ಯಾಕೆ ಅಂತ, ಎಂದಳಂತೆ.

"ನಾನು ಬಾಯಿ ಬಿಟ್ಟರೆ ಅವಳಿಗೆ ಅದು ಬೈಗುಳ ಕಣೇ. ಬೈಗುಳಕ್ಕೆ ಹೆದರಿ ಇರೋದನ್ನ ಇಲ್ಲ ಅಂತಾಳೆ. ಇವನಂತೂ ಬಿಡು" ಎಂದಳು. ಮಡಚಿದ್ದ ಫ್ರಾಕನ್ನೇ ಬಿಚ್ಚಿ ಮತ್ತೆ ಮಡಚುತ್ತ, ಯಾರಿಂದಲೂ ಏನೂ ಕೇಳಿ ಅಭ್ಯಾಸವಿಲ್ಲದವರ ಒರಟು ದನಿಯಲ್ಲಿ ಹೇಳಿದಳು:

"ನಾಳೆ ನಾನು ಒಳಗೆ ಇರ್ತೀನಿ, ಫೋನು ಲಾಕರಲ್ಲಿ ಇರುತ್ತೆ. ನನಗೊಂದು ಉಪಕಾರ ಮಾಡು. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ಅವರ ಮನೆಗೆ ಹೋಗಿ ಬಾ. ಫೋನಲ್ಲಿ ಬೇಡ, ಫೋನಲ್ಲಿ ಚೆನ್ನಾಗಿದೀವಿ ಅಂತಾರೆ. ಸಕ್ಕರೆ ಕೇಳೋಕೆ ಬಂದೆ ಅನ್ನು, ಏನಾದ್ರೂ ಅನ್ನು. ಅವನ ಹಣೆ ಮುಟ್ಟಿ ನೋಡು. ಮೂತ್ರ ಹೋಯ್ತಾ ಅಂತ ನಾಚಿಕೆ ಇಲ್ಲದೆ ಕೇಳು. ಒಂಚೂರು ಅನುಮಾನ ಬಂದ್ರೂ, ನಾಳೆ ನೋಡೋಣ ಅಂತ ಅವಳು ಅಂದ್ರೆ ವಾದ ಮಾಡ್ತಾ ನಿಲ್ಲಬೇಡ. ಗಾಡಿ ಮಾಡ್ಕೊಂಡು ಇಬ್ಬರನ್ನೂ ಎತ್ತಿ ಹಾಕ್ಕೊಂಡು ಬಂದುಬಿಡು. ಬೆಡ್ ನಾನು ಹೇಗಾದ್ರೂ ಮಾಡ್ತೀನಿ."